ಅರಬ್ಬಿಯ ಮರೀದ್, ಮುಮರ್ರಿದಾ, ತಮಾರುದ್ ಮೂರೂ ಒಂದೇ ಧಾತುವೇ? ನಿಘಂಟಿನಲ್ಲಿ ಹುಡುಕುವುದು ಹೇಗೆ?

ಹೌದು, ಮೂರಕ್ಕೂ ಮ-ರ-ದ ಧಾತುವೇ ಮೂಲ. ಈ ದ ನಮ್ಮ ದ ಅಲ್ಲ, ನಾಲಿಗೆಯ ಹಿಂಭಾಗ ಎತ್ತಿ ಒತ್ತಿ ಹೇಳುವ 'ದಾದ್'. ಉರ್ದುವಿನಲ್ಲಿ ಅದು ಜ ಆಗುತ್ತದೆ, ಹಾಗಾಗಿ 'ಮರೀಜ್' ಕೂಡ ಇದೇ ಪದ.

ಧಾತುವಿನಿಂದ ಸಿಗುವುದು 'ಕಾಯಿಲೆ' ಎಂಬಷ್ಟೇ ಅರ್ಥ. ಉಳಿದದ್ದನ್ನೆಲ್ಲ ಅಚ್ಚು, ಅಂದರೆ 'ವಜ್ನ್', ಹೇಳುತ್ತದೆ. ಮರದ್ ಕಾಯಿಲೆ, ಮರೀದ್ ರೋಗಿ. ನಡುವಿನ ರ ಇಮ್ಮಡಿಸಿದರೆ ಮರ್ರದ, 'ಶುಶ್ರೂಷೆ ಮಾಡಿದ'. ಅದರಿಂದ ಮುಮರ್ರಿದಾ, ನರ್ಸ್. ಮುಂದೆ ತ ಬಂದು ಮ ದೀರ್ಘವಾದರೆ ತಮಾರದ, 'ಕಾಯಿಲೆಯ ಸೋಗು ಹಾಕಿದ'. ತಮಾರುದ್ ಅದರ ಭಾವನಾಮ.

ಹಾನ್ಸ್ ವೆಹರ್ ಅವರ ಅರಬ್ಬಿ ನಿಘಂಟು ಧಾತುಕ್ರಮದಲ್ಲಿದೆ. ಮುಮರ್ರಿದಾ ಸಿಗಬೇಕಾದರೆ ಕೊನೆಯ ಸ್ತ್ರೀಲಿಂಗ ಪ್ರತ್ಯಯ ತೆಗೆಯಿರಿ, ಮೊದಲ ಮು ತೆಗೆಯಿರಿ, ಇಮ್ಮಡಿಸಿದ ಅಕ್ಷರವನ್ನು ಒಂದೇ ಎಂದು ಎಣಿಸಿ. ಹಾಗೆಂದು ಎಲ್ಲ ಪದಗಳ ಮೊದಲ ಮ ಕಿತ್ತುಹಾಕಬೇಡಿ. ಮರೀದ್‌ನ ಮ ತೆಗೆದರೆ ಎರಡೇ ವ್ಯಂಜನ ಉಳಿಯುತ್ತವೆ. ಧಾತುವಿಗೆ ಬೇಕಾದ ಮೂರು ಉಳಿಯದಿದ್ದರೆ ತೆಗೆದದ್ದು ಧಾತುವಿನ ಅಕ್ಷರವನ್ನೇ. ಮುಸ್ತಶ್ಫಾ (ಆಸ್ಪತ್ರೆ) ಎಂಬಲ್ಲಿ ಮಾತ್ರ 'ಮುಸ್ತ' ಪೂರ್ತಿ ಹೋಗುತ್ತದೆ. ಉಳಿಯುವುದು ಶ-ಫ-ಯ, ಗುಣವಾಗುವುದು. ಕೊನೆಯ ಯ ಇಲ್ಲಿ ಆಕಾರವಾಗಿ ಅಡಗಿದೆ.

ನಿಜವಾದ ತೊಡಕು ಈ ಯ ಮತ್ತು ವ ಗಳದ್ದೇ. ವೈಯಾಕರಣರು ಇವನ್ನು ಆಕಾರದ ಅಕ್ಷರ ಅಲಿಫ್‌ನೊಂದಿಗೆ ಸೇರಿಸಿ 'ಹುರೂಫುಲ್ ಇಲ್ಲಾ', ಕಾಯಿಲೆಯ ಅಕ್ಷರಗಳು, ಎಂದೇ ಕರೆದರು! ದಾಅ್ (ರೋಗ), ದವಾಅ್ (ಔಷಧ) ಕಿವಿಗೆ ಅಣ್ಣತಮ್ಮಂದಿರಂತೆ ಕೇಳಿದರೂ ಧಾತು ಬೇರೆ. ಮೊದಲನೆಯದರ ಕೊನೆಯಲ್ಲಿ ಮೂಲದಿಂದಲೇ ಹಮ್ಜಾ, ಅಂದರೆ ಗಂಟಲಲ್ಲಿ ಉಸಿರು ತಡೆದು ಹೇಳುವ ವ್ಯಂಜನ. ಎರಡನೆಯದರಲ್ಲಿ ಯ ಇದ್ದದ್ದು ಆಕಾರದ ನಂತರ ಹಮ್ಜಾ ಆಗಿದೆ. ಸಂದೇಹ ಬಂದರೆ ಬಹುವಚನ ನೋಡಿ: ರೋಗಗಳು ಅದ್ವಾಅ್, ಔಷಧಗಳು ಅದ್ವಿಯಾ. ಎರಡನೆಯದರಲ್ಲಿ ಯ ಹೊರಬಿತ್ತಲ್ಲ. ನಮ್ಮ ದವಾಖಾನೆಯ 'ದವಾ' ಇದೇ, 'ಖಾನೆ' ಪಾರ್ಸಿ.

ಬೇನೆಗಳ ಹೆಸರಿಗೆ ಒಂದು ಅಚ್ಚು ಪದೇಪದೇ ಸಿಗುತ್ತದೆ: ಮೊದಲ ಅಕ್ಷರಕ್ಕೆ ಉಕಾರ, ಎರಡನೆಯದಕ್ಕೆ ಆಕಾರ. ಸುಆಲ್ ಕೆಮ್ಮು, ಜುಕಾಮ್ ನೆಗಡಿ, ದುವಾರ್ ತಲೆಸುತ್ತು. ಸುದಾಅ್ ತಲೆನೋವು, ಅದರ ಧಾತುವಿಗೆ ಸೀಳುವುದು ಎಂದರ್ಥ, ತಲೆ ಸಿಡಿಯುತ್ತಿದೆ ಅನ್ನುತ್ತೇವಲ್ಲ, ಹಾಗೆ. ಆದರೆ ತುರಾಬ್ (ಮಣ್ಣು), ಗುರಾಬ್ (ಕಾಗೆ) ಕೂಡ ಇದೇ ಅಚ್ಚಿನವು, ಅಚ್ಚು ನೋಡಿಯೇ ರೋಗ ಅನ್ನಬೇಡಿ. ಜ್ವರ ಈ ಸಾಲಿಗೆ ಸೇರುವುದಿಲ್ಲ: ಅದು ಹುಮ್ಮಾ, ಬಿಸಿಯ ಅರ್ಥದ ಹ-ಮ-ಮ ದಿಂದ. ಹಮ್ಮಾಮಿನ (ಸ್ನಾನಗೃಹ) ಧಾತುವೂ ಅದೇ.

ಅಭ್ಯಾಸಕ್ಕೆ ಕುರ್‌ಆನಿನ 26:80 ಚೆನ್ನಾಗಿದೆ, 'ನಾನು ಕಾಯಿಲೆ ಬಿದ್ದಾಗ ಗುಣಪಡಿಸುವವನು ಅವನೇ' ಎಂಬ ಒಂದೇ ವಾಕ್ಯದಲ್ಲಿ ಮ-ರ-ದ, ಶ-ಫ-ಯ ಎರಡೂ ಸಿಗುತ್ತವೆ. ಉರ್ದುವಿನ ಬೀಮಾರಿಗೆ (ಕಾಯಿಲೆ) ಮಾತ್ರ ಧಾತು ಹುಡುಕಲು ಹೋಗಬೇಡಿ, ಅದು ಪಾರ್ಸಿ.