ಮುರುಗಲು ಸಾರದ ಡಿಪಿಪಿಎಚ್ ಪರೀಕ್ಷೆ: ಪ್ರಮಾಣ ಹೆಚ್ಚಿಸಿದರೆ ಫಲಿತಾಂಶ ಇಳಿಯುವುದೇಕೆ?

ಮುರುಗಲು (ಕೋಕಂ) ಸಾರದ ಪ್ರಮಾಣ ಹೆಚ್ಚಿಸಿದಷ್ಟೂ ಡಿಪಿಪಿಎಚ್ ಪರೀಕ್ಷೆಯ ಫಲಿತಾಂಶ ಇಳಿಯುತ್ತಿದೆ, ಸಾರ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಸಾರ ಕೆಟ್ಟಿಲ್ಲ, ಬಹುಶಃ ಅದರ ಕೆಂಪು ಬಣ್ಣವೇ ಲೆಕ್ಕ ಕೆಡಿಸುತ್ತಿದೆ. ಡಿಪಿಪಿಎಚ್ ನೇರಳೆ ಬಣ್ಣದ ರಾಸಾಯನಿಕ; ಉತ್ಕರ್ಷಣ ನಿರೋಧಕ (ಆಂಟಿಆಕ್ಸಿಡೆಂಟ್) ಸೇರಿದಷ್ಟೂ ಅದರ ಬಣ್ಣ ಮಾಸುತ್ತದೆ. ಅದು ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವುದು 517 ನ್ಯಾನೋಮೀಟರ್ ತರಂಗಾಂತರದಲ್ಲಿ. ಮುರುಗಲಿನ ಕೆಂಪು ವರ್ಣಕ ಆಂಥೋಸಯಾನಿನ್ ಬೆಳಕು ಹೀರುವುದೂ ಹೆಚ್ಚುಕಡಿಮೆ ಅಲ್ಲೇ. ಸಾರ ಹೆಚ್ಚಿದಷ್ಟೂ ಈ ಕೆಂಪೂ ಅಂಕಿಗೆ ಸೇರಿ, ಉತ್ಕರ್ಷಣ ನಿರೋಧಕ ಶಕ್ತಿ ಕುಗ್ಗಿದಂತೆ ಕಾಣುತ್ತದೆ.

ಪ್ರತಿ ಪ್ರಮಾಣಕ್ಕೂ ಸಾರ ಮತ್ತು ಮೆಥನಾಲ್ ಮಾತ್ರವಿರುವ, ಡಿಪಿಪಿಎಚ್ ಹಾಕದ ಒಂದು ಕೊಳವೆ ಇಡಿ. ಎಲ್ಲವನ್ನೂ 30 ನಿಮಿಷ ಕತ್ತಲಲ್ಲಿಟ್ಟು ಅಳೆಯಿರಿ. ಸಾರ, ಡಿಪಿಪಿಎಚ್ ಎರಡೂ ಇರುವ ಮಾದರಿಯ ಅಂಕಿಯಿಂದ ಈ ಕೊಳವೆಯ ಅಂಕಿ ಕಳೆಯಿರಿ. ಆಮೇಲೆಯೇ ಸಾರವಿಲ್ಲದ ಡಿಪಿಪಿಎಚ್ ಕೊಳವೆಗೆ ಹೋಲಿಸಿ ಶೇಕಡಾವಾರು ತೆಗೆಯಿರಿ.

ಗೋವಾದ ಮಡಗಾಂವ್ ಮಾರುಕಟ್ಟೆಯ ಆಗಳ (ಉಪ್ಪು ಹಾಕಿದ ಮುರುಗಲು ರಸ) ಬಳಸಿದ್ದೀರಿ ಎಂದಿದ್ದೀರಿ. ಅದು ಅಡುಗೆಗೆ ಚೆನ್ನ, ಪ್ರಯೋಗಕ್ಕಲ್ಲ: ಉಪ್ಪು ಮತ್ತು ಹಣ್ಣಿನ ಅಂಟು ಪದಾರ್ಥವಾದ ಪೆಕ್ಟಿನ್ ಮೆಥನಾಲ್‌ನಲ್ಲಿ ಸರಿಯಾಗಿ ಕರಗದೆ ದ್ರಾವಣ ಮಸುಕಾಗಬಹುದು. ಉಪ್ಪು ಹಾಕದ ಸಿಪ್ಪೆಯಿಂದ ಸಾರ ತೆಗೆದು, ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ವೇಗವಾಗಿ ತಿರುಗಿಸಿ) ಮೇಲಿನ ತಿಳಿ ಬಳಸಿ. ಆಗಲೂ ಸರಿಹೋಗದಿದ್ದರೆ ಉತ್ಕರ್ಷಣ ನಿರೋಧಕ ಶಕ್ತಿ ಅಳೆಯುವ ಇನ್ನೊಂದು ವಿಧಾನವಾದ ಎಬಿಟಿಎಸ್ ಪರೀಕ್ಷೆಗೆ ಹೋಗಿ. ಅದನ್ನು ಅಳೆಯುವ 734 ನ್ಯಾನೋಮೀಟರ್‌ನಲ್ಲಿ ಈ ಕೆಂಪಿನ ಕಾಟವಿರುವುದಿಲ್ಲ.