ಹಂದಿಗೂಡಿನ ನಾತಕ್ಕೆ ತೋಟದ ಕಸ ಸಾಕೇ?

ಪ್ರಶ್ನೆ: ಮುಚ್ಚಿದ ಶೆಡ್‌ನಲ್ಲಿ ಹಂದಿ ಸಾಕಿದ್ದೇವೆ. ಎಕ್ಸಾಸ್ಟ್ ಫ್ಯಾನಿನ ಗಾಳಿ ನೇರ ಪಕ್ಕದ ಮನೆಯ ಜಗಲಿಗೆ ಹೊಡೆಯುತ್ತದೆ. ಅವರು ಮಾತು ಬಿಟ್ಟಿದ್ದಾರೆ. ಕೃಷಿ ತ್ಯಾಜ್ಯ ತುಂಬಿದ ಜೈವಿಕ ಶೋಧಕ ವಾಸನೆ ತೆಗೆಯುತ್ತದಂತೆ. ಪಲ್ಪಿಂಗ್ ಮಾಡಿದ (ಹಣ್ಣಿನಿಂದ ಬೀಜ ಬಿಡಿಸಿದ) ಕಾಫಿ ಸಿಪ್ಪೆ ರಾಶಿ ಬಿದ್ದಿದೆ, ಅದನ್ನೇ ತುಂಬಬಹುದೇ?
– ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಶೋಧಕ ಮಾಡಿ, ಹಸಿ ಸಿಪ್ಪೆ ಮಾತ್ರ ಬೇಡ. ಅದರಲ್ಲಿ ಸಕ್ಕರೆಯೂ ನೀರೂ ಹೆಚ್ಚು. ಕುಸಿದು ಮುದ್ದೆಯಾಗಿ ಗಾಳಿಯ ದಾರಿ ಕಟ್ಟುತ್ತದೆ, ಮೇಲಾಗಿ ತಾನೂ ಹುಳಿತು ನಾರುತ್ತದೆ. ಪೂರ್ತಿ ಕೊಳೆತು ಕಾಂಪೋಸ್ಟ್ ಆದ ಮೇಲೆ ಧಾರಾಳವಾಗಿ ಬಳಸಿ.

ಕೆಲಸ ಮಾಡುವುದು ಕಸವಲ್ಲ, ಅದರ ತೇವದ ಮೈಮೇಲೆ ಬೆಳೆಯುವ ಸೂಕ್ಷ್ಮಜೀವಿಗಳು. ಅಮೋನಿಯಾವನ್ನು ಅವು ನೈಟ್ರೇಟ್ ಮಾಡುತ್ತವೆ, ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡನ್ನು ಸಲ್ಫೇಟ್ ಮಾಡುತ್ತವೆ. ಅವಕ್ಕೆ ಬೇಕಾದದ್ದು ತೇವ, ಗಾಳಿ, ಕೂರಲು ಜಾಗ. ಮರಗಸಿ ಮಾಡಿದಾಗ, ಅಂದರೆ ತೋಟದ ನೆರಳು ಮರಗಳನ್ನು ಸವರಿದಾಗ, ಉಳಿಯುವ ಸಿಲ್ವರ್ ಓಕ್ ಕೊಂಬೆಗಳನ್ನು ಚಿಪ್ಸ್ (ಸಣ್ಣ ಚಕ್ಕೆ) ಮಾಡಿಸಿ. ಅದೇ ಮುಖ್ಯ ಭಾಗವಾಗಲಿ. ತೂಕದಲ್ಲಿ 70 ಪಾಲು ಚಿಪ್ಸ್, 30 ಪಾಲು ಕಾಂಪೋಸ್ಟ್ ಒಳ್ಳೆಯ ಅಳತೆ. ತೆಂಗಿನ ಸಿಪ್ಪೆಯ ತುಂಡುಗಳಿದ್ದರೆ ಸೇರಿಸಿ, ನೀರು ಹಿಡಿದಿಡುತ್ತವೆ. ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ನ ಪಾರ್ಚ್‌ಮೆಂಟ್ ಹೊಟ್ಟಾಗಲಿ (ಬೀಜದ ಮೇಲಿನ ಒಣ ಪೊರೆ) ಭತ್ತದ ಹೊಟ್ಟಾಗಲಿ ಬೇಗ ಕೊಳೆಯುವುದಿಲ್ಲ, ಆದರೆ ನೀರೂ ಹಿಡಿಯುವುದಿಲ್ಲ. ಬೆರಕೆಗೆ ಸ್ವಲ್ಪ ಸಾಕು.

ಇಟ್ಟಿಗೆಗಳ ಮೇಲೆ ಸಂದು ಬಿಟ್ಟು ರೀಪು ಜೋಡಿಸಿ, ಮೇಲೆ ಈ ಬೆರಕೆಯನ್ನು ಒಂದರಿಂದ ಒಂದೂವರೆ ಅಡಿ ದಪ್ಪದ ಹಾಸಾಗಿ ಹರಡಿ. ಶೆಡ್ಡಿನ ಫ್ಯಾನು ನೂಕುವ ಗಾಳಿ ರೀಪಿನ ಕೆಳಗೆ ಬಂದು ಹಾಸಿನ ಮೂಲಕ ಮೇಲೇರಬೇಕು, ಹಾಸಿನೊಳಗೆ ಸುಮಾರು 5 ಸೆಕೆಂಡಾದರೂ ಇರಬೇಕು. ಗೋಡೆಗೆ ಹಾಕುವ ಸಾಮಾನ್ಯ ಎಕ್ಸಾಸ್ಟ್ ಫ್ಯಾನು ಈ ತಡೆಗೆ ಸೋಲುತ್ತದೆ. ಗಾಳಿ ಹೊರಹೋಗದೆ ಶೆಡ್ಡಿನೊಳಗೆ ಹಂದಿಗಳು ಬೇಯುತ್ತವೆ. ಒತ್ತಡ ತಡೆಯುವ ಫ್ಯಾನನ್ನೇ ಕೇಳಿ ತನ್ನಿ. ದುಡ್ಡು ಖರ್ಚಾಗುವುದು ಅಲ್ಲೇ.

ತೇವ ಅರ್ಧದಷ್ಟಿರಲಿ: ಹಿಡಿಯಲ್ಲಿ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ತೊಟ್ಟಿಕ್ಕಬಾರದು. ನಮ್ಮ ಕೊಡಗಿನ ಮಳೆಗೆ ಮೇಲೊಂದು ಶೀಟಿನ ಮಾಡು ಬೇಕೇ ಬೇಕು. ಜನವರಿ ಕಳೆದ ಮೇಲೆ ತದ್ವಿರುದ್ಧ, ಸ್ಪ್ರಿಂಕ್ಲರ್‌ನಿಂದ ನೀರು ಕೊಡಬೇಕು. ಸುತ್ತ ಜಾಲರಿಯೂ ಇರಲಿ. ಇಲಿ ಬಿಲ ತೋಡಿದರೆ ಗಾಳಿಯೆಲ್ಲ ಆ ತೂತಿನಲ್ಲೇ ನುಗ್ಗುತ್ತದೆ.

ಸೂಕ್ಷ್ಮಜೀವಿಗಳು ನೆಲೆಯೂರಲು ಕೆಲವು ವಾರ ಬೇಕು, ಪಕ್ಕದವರಿಗೆ ಇದನ್ನು ಮೊದಲೇ ಹೇಳಿಬಿಡಿ. ಹೋಟೆಲಿನ ಮುಸುರೆ ತಂದು ಹಾಕುತ್ತೀರಾದರೆ ಆ ಡ್ರಮ್ಮುಗಳಿಗೆ ಇವತ್ತೇ ಮುಚ್ಚಳ ಹಾಕಿ. ಹೊರಗಿಟ್ಟ ಡ್ರಮ್ಮಿನ ನಾತ ಯಾವ ಶೋಧಕಕ್ಕೂ ಸಿಗುವುದಿಲ್ಲ.