ಬಟನ್ ಚಾಕು ಸೊಂಟದಲ್ಲಿ ಇಟ್ಟುಕೊಂಡು ತಿರುಗುವ ತಮ್ಮನಿಗೆ

ತಮ್ಮಾ, ಗುಂಪಿನಲ್ಲಿ ನಿನ್ನ ಪೋಸ್ಟ್ ನೋಡಿದೆ. ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ಮೋಟಾರು ಹಾಕಲು ಒಬ್ಬನೇ ದಾಳಿಂಬೆ ತೋಟಕ್ಕೆ ಹೋಗುತ್ತೀಯ, ಧೈರ್ಯಕ್ಕಿರಲಿ ಅಂತ ಆನ್‌ಲೈನಲ್ಲಿ ಬಟನ್ ಒತ್ತಿದರೆ ಅಲಗು ಹೊರಬರುವ ಚಾಕು ತರಿಸಿ ಅಂಗಿಯೊಳಗೆ ಸಿಕ್ಕಿಸಿಕೊಂಡಿದ್ದೀಯ. ಕುಷ್ಟಗಿ ಸಂತೆಗೂ ಹಾಗೇ ಹೋಗಿ ಬರುತ್ತೀಯಂತೆ. ಕೆಳಗೆ ಕಮೆಂಟಿನಲ್ಲಿ ನಮ್ಮವರೇ "ಮೂರು ಇಂಚಿನ ಒಳಗಿದ್ದರೆ ಏನೂ ಆಗಲ್ಲ" ಅಂತ ಹುರಿದುಂಬಿಸಿದ್ದಾರೆ. ಅದನ್ನು ನೋಡಿ ಸುಮ್ನೆ ಕೂರಲು ಆಗಲಿಲ್ಲ.

ಆ ಮೂರು ಇಂಚು ದೆಹಲಿಯದು. 1980ರಲ್ಲಿ ದೆಹಲಿ ಆಡಳಿತ ಒಂದು ಅಧಿಸೂಚನೆ ಹೊರಡಿಸಿತ್ತು. ಬಟನ್, ಸ್ಪ್ರಿಂಗ್, ಗರಾರಿ (ಹಲ್ಲಿನ ಕೀಲಿನಿಂದ ತೆರೆಯುವ) ಚಾಕುಗಳ ಅಲಗು 7.62 ಸೆಂ.ಮೀ. (ಅಂದರೆ ಮೂರು ಇಂಚು) ಉದ್ದ, 1.72 ಸೆಂ.ಮೀ. ಅಗಲ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅಲ್ಲಿ ಲೈಸೆನ್ಸ್ ಬೇಕು. ಯೂಟ್ಯೂಬಿನವರು ಅದನ್ನೇ ಇಡೀ ದೇಶದ ಕಾನೂನು ಅಂತ ಹೇಳುತ್ತಾ ತಿರುಗುತ್ತಾರೆ. ಆಯುಧ ನಿಯಮ 2016ರಲ್ಲಿ ಇರುವುದು 9 ಇಂಚು ಉದ್ದ, 2 ಇಂಚು ಅಗಲ. ಅದನ್ನು ದಾಟಿದ ಚಾಕು ಆಯುಧದ ಪಟ್ಟಿಗೆ ಬೀಳುತ್ತದೆ. ಆದರೆ ಮನೆಗೆಲಸ, ಹೊಲದ ಕೆಲಸ, ಕಾರ್ಖಾನೆ ಕೆಲಸಕ್ಕೆ ಅಂತಲೇ ಮಾಡಿದ್ದು ಅದರಲ್ಲಿ ಬರುವುದಿಲ್ಲ. 1959ರ ಆಯುಧ ಕಾಯ್ದೆಯೂ ಇದನ್ನೇ ಹೇಳುತ್ತದೆ. ಬರೀ ಮನೆ, ಬೇಸಾಯದ ಬಳಕೆಗೆ ಇರುವ ವಸ್ತು ಆಯುಧವಲ್ಲ. ಹಾಗಾಗಿ ಟೇಪು ಹಿಡಿದು ಅಳೆಯುವುದನ್ನು ಬಿಡು. ಅದು ಯಾವುದಕ್ಕೆ ಮಾಡಿದ ವಸ್ತು, ಎಲ್ಲಿ, ಯಾಕೆ ಇಟ್ಟುಕೊಂಡಿದ್ದೀಯ ಅನ್ನುವುದೇ ಮೊದಲು ಬರುವ ಪ್ರಶ್ನೆ.

ನಾನೂ ಇದೇ ಕೆಲಸ ಮಾಡಿದವನು. ಚುನಾವಣೆ ಸಮಯ, ಚೆಕ್‌ಪೋಸ್ಟಿನಲ್ಲಿ ಪೊಲೀಸರು ಬೈಕ್ ನಿಲ್ಲಿಸಿದರು. ದುಡ್ಡು ಹುಡುಕುತ್ತಿದ್ದವರಿಗೆ ಸೊಂಟದ ಚಾಕು ಸಿಕ್ಕಿತು. ಯಾಕಪ್ಪಾ ಇದು ಅಂದರು. "ಸೇಫ್ಟಿಗೆ ಸರ್" ಅಂದೆ. ಕೆಟ್ಟಿದ್ದು ಅಲ್ಲೇ. ಸೇಫ್ಟಿಗೆ ಅಂದಮೇಲೆ ಅದು ಆಯುಧ ಅಂತ ನಾನೇ ಬಾಯಿಬಿಟ್ಟ ಹಾಗಾಯಿತಲ್ವಾ? ತಮಾಷೆ ಅಂದರೆ, ಬೈಕಿಗೆ ಕಟ್ಟಿದ ಚೀಲದಲ್ಲಿ ಅದಕ್ಕಿಂತ ದೊಡ್ಡ ಕುಡಗೋಲು ಇತ್ತು, ಮೇವಿನ ಸೊಪ್ಪು ಅಂಟಿಕೊಂಡಿತ್ತು. ಅದನ್ನು ನೋಡಿದರು, ವಾಪಸ್ ಚೀಲಕ್ಕೆ ಹಾಕಿದರು. ಸಂಜೆವರೆಗೆ ಸ್ಟೇಷನ್ ಬೆಂಚಿನ ಮೇಲೆ ಕೂತೆ. ಊರಿನ ಹಿರಿಯರು ಬಂದು ಮಾತಾಡಿದ ಮೇಲೆ ಬಿಟ್ಟರು. ಎಲ್ಲರಿಗೂ ಹಾಗೇ ಆಗುತ್ತದೆ ಅಂದುಕೊಳ್ಳಬೇಡ.

ಇನ್ನೊಂದು, ಗಣಪತಿ ಮೆರವಣಿಗೆ, ಮೊಹರಂ, ಚುನಾವಣೆ, ಊರಲ್ಲಿ ಗಲಾಟೆ ಇದ್ದಾಗ ಲೆಕ್ಕವೇ ಬೇರೆ. ಕರ್ನಾಟಕ ಪೊಲೀಸ್ ಕಾಯ್ದೆ 1963ರ 35ನೇ ಕಲಂ ಪ್ರಕಾರ ಆದೇಶ ಹೊರಡಿಸಿದರೆ ಚಾಕು, ಕತ್ತಿಯಷ್ಟೇ ಅಲ್ಲ, ದೊಣ್ಣೆ ಹಿಡಿದು ತಿರುಗುವುದಕ್ಕೂ ತಡೆ. ನಿಷೇಧಾಜ್ಞೆಯ ಹಳೆಯ 144ನೇ ಕಲಂ ಈಗ ಹೊಸ ದಂಡ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್‌ನ 163, 2024ರ ಜುಲೈ 1ರಿಂದ. ಆ ದಿನಗಳಲ್ಲಿ ಹೊಲದ ಚಾಕು ಹೊಲದಲ್ಲೇ ಇರಲಿ.

ಮೇಲೆ ಕಮೆಂಟಿನಲ್ಲಿ ಒಬ್ಬರು "ಕೊಡಗಿನವರು ಪೀಚೆಕತ್ತಿ (ಸೊಂಟಕ್ಕೆ ಸಿಕ್ಕಿಸುವ ಅವರ ಸಾಂಪ್ರದಾಯಿಕ ಚೂರಿ) ಹಾಕಿಕೊಳ್ಳುವುದಿಲ್ಲವಾ" ಅಂತ ಕೇಳಿದ್ದಾರೆ. ಅವರಿಗೆ ಬಂದೂಕಿನ ಲೈಸೆನ್ಸಿನಿಂದ ಕೇಂದ್ರ ಸರ್ಕಾರ ಬೇರೆಯಾಗಿಯೇ ವಿನಾಯಿತಿ ಕೊಟ್ಟಿದೆ ಅಣ್ಣಾ, 2029ರವರೆಗೆ. ನಮ್ಮ ಕೊಪ್ಪಳ ಜಿಲ್ಲೆಯವರಿಗೆ ಕೊಟ್ಟಿಲ್ಲ. "ಆತ್ಮರಕ್ಷಣೆ ನಮ್ಮ ಹಕ್ಕು" ಅಂದವರಿಗೂ ಒಂದು ಮಾತು. ಹಕ್ಕು ಇದೆ, ಹೊಸ ದಂಡಸಂಹಿತೆ ಬಿಎನ್‌ಎಸ್‌ನ ಕಲಂ 34ರಿಂದ 44ರವರೆಗೆ ಓದಿ. ಮೇಲೆ ಬಿದ್ದಾಗ ತಡೆಯುವ ಹಕ್ಕು ಅದು, ಚಾಕು ಬಚ್ಚಿಟ್ಟುಕೊಂಡು ಓಡಾಡುವ ಪರ್ಮಿಟ್ ಅಲ್ಲ.

ಈಗ ನಾನು ಮಾಡುವುದು ಹೇಳುತ್ತೇನೆ. ಕೆಲಸದ ಚಾಕು ಒರೆಯಲ್ಲಿ, ಒರೆ ಸಾಮಾನಿನ ಚೀಲದಲ್ಲಿ. ಜೊತೆಗೆ ಕತ್ತರಿ, ಡ್ರಿಪ್ ಜಾಯಿಂಟು, ಟೇಪು, ಟೆಸ್ಟರ್. ಮೈಮೇಲೆ ಏನೂ ಇಲ್ಲ. ಕೆಲಸ ಇಲ್ಲದ ದಿನ ಚೀಲ ಮನೆಯಲ್ಲೇ. ಪೊಲೀಸರಿಗೆ ಕಥೆ ಹೇಳಲು ಚೀಲ ಅಲ್ಲ ಇದು, ನಿಜವಾಗಿ ಕೆಲಸಕ್ಕೆ ಬಳಸಿದರೆ ಮಾತ್ರ ಅರ್ಥ. ಅಷ್ಟಾದರೂ ಯಾರೂ ತಡೆಯುವುದಿಲ್ಲ ಅಂತ ಗ್ಯಾರಂಟಿ ಕೊಡಲಾರೆ. ಕೇಸು ಅಂತ ಆದರೆ ವಕೀಲರ ಹತ್ತಿರ ಹೋಗು, ಗುಂಪಿನಲ್ಲಿ ಕೇಳಬೇಡ. ತೋರಣಗಲ್ಲಿನಿಂದ ವಿಮಾನ ಹತ್ತುವವರು ಕೈಚೀಲ ಒಮ್ಮೆ ಕೊಡವಿ ನೋಡಿ, ಚಾಕು ಇದ್ದರೆ ಚೆಕ್-ಇನ್ ಲಗೇಜಿಗೆ ಹಾಕಿ.

ಚಾಕು ಬೇಕೇ ಬೇಕು ಅಂದರೆ ಆ ಬಟನ್ ಡಬ್ಬಾ ಬಿಡು, ಸ್ಪ್ರಿಂಗಿಗೆ ಮಣ್ಣು ಸಿಕ್ಕರೆ ಮುಗಿಯಿತು. ಒಪಿನೆಲ್ 8 (ಫ್ರಾನ್ಸಿನ ಮಡಿಸುವ ಚಾಕು) ಸಾಕು, ಅಲಗು 8.5 ಸೆಂ.ಮೀ. ಸ್ಟೇನ್‌ಲೆಸ್ಸೇ ತಗೋ, ಕಾರ್ಬನ್ ಅಲಗು ದಾಳಿಂಬೆ ರಸಕ್ಕೆ ಕಪ್ಪಾಗುತ್ತದೆ. ಸ್ವೀಡನ್ನಿನ ಮೋರಾ ಚಾಕು ಗಟ್ಟಿ, ಆದರೆ ಮಡಿಸಲು ಬರಲ್ಲ, ನೋಡಿದವರಿಗೂ ಚೂರಿಯ ಹಾಗೇ ಕಾಣುತ್ತದೆ. ನಿಜ ಹೇಳಬೇಕೆಂದರೆ ಗಿಡದ ಕೊಂಬೆ ಸವರುವುದಕ್ಕೆ ಒಳ್ಳೆಯ ಕತ್ತರಿ ಮುಂದೆ ಯಾವ ಚಾಕುವೂ ಇಲ್ಲ. ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ರೋಗಾಣು ಕೊಲ್ಲುವ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದು, ಇಲ್ಲದಿದ್ದರೆ ದುಂಡಾಣು ಅಂಗಮಾರಿ ರೋಗವನ್ನು ನೀನೇ ಹಂಚಿದಂತೆ. ಸಂಜೆ ತೊಳೆದು ಒರೆಸಿ ಎಣ್ಣೆ ಹಚ್ಚು, ಆ ದ್ರಾವಣ ಕಬ್ಬಿಣವನ್ನು ತಿನ್ನುತ್ತದೆ.

ರಾತ್ರಿಗೆ ಬೇಕಾದದ್ದು ಒಳ್ಳೆಯ ಹೆಡ್‌ಲೈಟು, ಮೊಣಕಾಲಿನವರೆಗಿನ ಬೂಟು, ಒಂದು ಉದ್ದ ಕೋಲು. ಆ ಹೊತ್ತಿನಲ್ಲಿ ಕಾಲುವೆ ದಂಡೆಯಲ್ಲಿ ಕಳ್ಳನಿಗಿಂತ ಹಾವು ಸಿಗುವುದೇ ಜಾಸ್ತಿ. ಫೋನಿನಿಂದಲೇ ಮೋಟಾರು ಹಾಕುವ ಮೊಬೈಲ್ ಸ್ಟಾರ್ಟರ್ ಹಾಕಿಸಿದರೆ ಎಷ್ಟೋ ರಾತ್ರಿ ಹೋಗುವುದೇ ಬೇಡ. ಅದರ ವೈರಿಂಗ್ ಬಗ್ಗೆ ಬೇರೆ ಪೋಸ್ಟ್ ಹಾಕು, ಹೇಳುತ್ತೇನೆ.